ಅಂತೂ ಅಂದರೆ

ಆ ವಿಚಾರಣಾ ಕಚೇರಿಯಲ್ಲಿ ದುಭಾಷಿಗೆ ‘ಅಲ್ಪವಿರಾಮ’ ಎಂದು ಹೆಸರಿಟ್ಟವನು ಟೈಪಿಸ್ಟು. ಇಟ್ಟದ್ದರಲ್ಲಿ ತಪ್ಪೇನೂ ಇರಲಿಲ್ಲ. ಉಳಿದ ದುಭಾಷಿಗಳು ಕನ್ನಡದಲ್ಲಿ ಕೇಳಿದ್ದನ್ನು ಇಂಗ್ಲಿಷಿನಲ್ಲಿ ಪಟಪಟನೆ ಒದರಿ ಕೈತೊಳೆದುಕೊಳ್ಳುತ್ತಿದ್ದರು. ಇವನು ಮಾತ್ರ ವಾಕ್ಯದ ನಡುವೆ ಎಲ್ಲೋ ಒಂದು ಕಡೆ ನಿಂತುಬಿಡುತ್ತಿದ್ದ. ನಾಮಪದಕ್ಕೆ ನಿಲ್ಲುತ್ತಿರಲಿಲ್ಲ, ಕ್ರಿಯಾಪದಕ್ಕೂ ನಿಲ್ಲುತ್ತಿರಲಿಲ್ಲ. ಕ್ರಿಯಾಪದಕ್ಕೆ ಜೋತುಬಿದ್ದು ಬರುವ ಚಿಲ್ಲರೆ ಮಾತುಗಳಿವೆಯಲ್ಲ, ಬೇಗ, ಮೆಲ್ಲಗೆ, ಆಗಾಗ, ಇನ್ನೂ, ಕೊನೆಗೆ, ಅಲ್ಲಿಗೆ ಬಂದರೆ ಸಾಕು, ನೀರು ಕಂಡ ಎಮ್ಮೆಯ ಹಾಗೆ ನಿಂತುಬಿಡುತ್ತಿದ್ದ. ವ್ಯಾಕರಣದವರು ಅವಕ್ಕೆ ಕ್ರಿಯಾವಿಶೇಷಣ ಎಂದು ದೊಡ್ಡ ಹೆಸರು ಕೊಟ್ಟಿದ್ದಾರೆ. ಟೈಪಿಸ್ಟು ಅಷ್ಟು ದೂರ ಹೋಗಲಿಲ್ಲ. ಬೆರಳನ್ನು ಕೀಲಿಮಣೆಯ ಮೇಲೆ ಎತ್ತಿ ಹಿಡಿದು ಕಾಯುತ್ತಾ, ‘ನಮ್ಮ ಅಲ್ಪವಿರಾಮ ಬಂತು’ ಎಂದು ಮೀಸೆಯೊಳಗೇ ನಗುತ್ತಿದ್ದ.

ಕನ್ನಡದಲ್ಲಿ ಒಂದು ಮಾತಿರುವ ಕಡೆ ಇಂಗ್ಲಿಷಿನಲ್ಲಿ ನಾಲ್ಕು ನಿಂತಿರುತ್ತವೆ, ನಾಲ್ಕೂ ಅವಳಿಗಳ ಹಾಗೆ ಒಂದೇ ಅಂಗಿ ತೊಟ್ಟು ನಿಂತಿರುತ್ತವೆ ಎನ್ನುವುದು ದುಭಾಷಿಯ ವಾದ. ಹೊರಗಿನವರಿಗೆ ಯಾವುದನ್ನು ಕರೆದರೂ ಒಂದೇ. ಹೆತ್ತವಳಿಗೆ ಮಾತ್ರ ಕೆಮ್ಮಿದರೆ ಸಾಕು, ಯಾವುದು ಎಂದು ಗೊತ್ತಾಗುತ್ತದೆ. ತಾನು ಆ ಭಾಷೆಯನ್ನು ಹೆತ್ತವನಲ್ಲದಿದ್ದರೂ ಸಾಕಿಕೊಂಡವನು ಎಂದು ಅವನಿಗೆ ಒಳಗೊಳಗೇ ಜಂಬ. ಒಮ್ಮೆ ಲಾರಿ ಚಾಲಕನೊಬ್ಬ, ಮಂಜಿನಲ್ಲಿ ಕೆಂಪು ದೀಪ ‘ಕಾಣಿಸ್ತೋ ಇಲ್ವೋ ಅನ್ನೋ ಹಾಗಿತ್ತು’ ಎಂದಿದ್ದ. ಬೇರ್ಲಿ ಎಂದರೆ ಕಷ್ಟಪಟ್ಟಾದರೂ ಕಂಡಿತು ಎಂದಾಗುತ್ತದೆ. ಹಾರ್ಡ್ಲಿ ಎಂದರೆ ಕಂಡಿತು ಎನ್ನುವ ಹಾಗೇ ಇರಲಿಲ್ಲ ಎಂದಾಗುತ್ತದೆ. ಕಂಡೂ ನುಗ್ಗಿಸಿದವನ ಲೈಸೆನ್ಸು ಹೋಗುತ್ತದೆ, ಕಾಣದೆ ನುಗ್ಗಿಸಿದವನನ್ನು ಗದರಿಸಿ ಬಿಡುತ್ತಾರೆ. ದುಭಾಷಿ ನಿಂತ, ಯೋಚಿಸಿದ, ಹಾರ್ಡ್ಲಿ ಎಂದ. ಚಾಲಕ ಇವತ್ತಿಗೂ ಲಾರಿ ಓಡಿಸುತ್ತಿದ್ದಾನೆ. ಈ ಕಥೆಯನ್ನು ದುಭಾಷಿ ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಮನೆಯಲ್ಲಿ ಹೆಂಡತಿಗೆ ಇದೆಲ್ಲ ಬಾಯಿಪಾಠ. ಊಟಕ್ಕೆ ಕರೆದಾಗ ಅವನು “ಬಂದೆ” ಎಂದರೆ, “ಯಾವ ಬಂದೆ? ಸೂನಾ, ಶಾರ್ಟ್ಲೀನಾ? ಗೊತ್ತಾದ್ರೆ ಪಲ್ಯ ಬಿಸಿ ಮಾಡೋದೋ ಬೇಡ್ವೋ ನೋಡ್ತೀನಿ” ಎಂದು ಛೇಡಿಸುತ್ತಿದ್ದಳು. ಅವನು ಅದನ್ನೂ ಗಂಭೀರವಾಗಿ ತೆಗೆದುಕೊಂಡು, ಶಾರ್ಟ್ಲಿ ಎನ್ನುವುದು ಮನೆಯ ಮಾತಲ್ಲ, ರೈಲ್ವೆ ನಿಲ್ದಾಣದ ಮಾತು ಎಂದು ವಿವರಿಸುತ್ತಿದ್ದ. ಅಷ್ಟರಲ್ಲಿ ಪಲ್ಯ ಆರಿರುತ್ತಿತ್ತು.

ಇಂಥ ಮನುಷ್ಯನ ಬಾಯಿಗೆ ಹೊಲಿಗೆಯಾಕೆಯ ಬದುಕು ಬಂದು ಬಿತ್ತು.

ಹೊಲಿಗೆಯಾಕೆ ಎಂದರೆ ಹೊಲಿಗೆ ಅಂಗಡಿಯೊಂದರಲ್ಲಿ ಕಾಜಾ ಹಾಕಿ ಗುಂಡಿ ಕೂರಿಸುವವಳು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮಕ್ಕಳಿಲ್ಲ. ಗಂಡ ಬಿಟ್ಟುಹೋದ ಆಸ್ತಿ ಎಂದರೆ ಅವನ ತಾಯಿ. ಆ ಅತ್ತೆ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದವರು ಏಳಲಿಲ್ಲ, ಹೋಗಲೂ ಇಲ್ಲ. ವರ್ಷಗಟ್ಟಲೆ ಸೊಸೆ ಬೆಳಿಗ್ಗೆ ಅವರ ಮೈ ಒರೆಸಿ, ಬಟ್ಟೆ ಬದಲಾಯಿಸಿ, ಅಂಗಡಿಗೆ ಹೋಗಿ, ಮಧ್ಯಾಹ್ನ ಓಡಿಬಂದು ಮಗ್ಗುಲು ಹೊರಳಿಸಿ, ಮತ್ತೆ ಅಂಗಡಿಗೆ ಓಡಿ, ಸಂಜೆ ಬಂದು ಉಣಿಸುತ್ತಿದ್ದಳು. ಮೊದಮೊದಲು ಅಕ್ಕಪಕ್ಕದವರು ಬಂದು ಪಾಪ ಎನ್ನುತ್ತಿದ್ದರು. ಆಮೇಲೆ ಅವರಿಗೂ ಅಭ್ಯಾಸವಾಯಿತು. ಅತ್ತೆ ಸತ್ತ ದಿನ ಮಾತ್ರ ಎಲ್ಲರೂ ಬಂದರು. ದೂರದಲ್ಲಿದ್ದ ನಾದಿನಿಯೂ ಬಂದಳು. ಅಳುವುದನ್ನು ಮುಗಿಸಿ ಸುತ್ತ ನೋಡಿದಳು, ಕಿಟಕಿಯಲ್ಲಿದ್ದ ನೋವಿನ ಔಷಧಿಯ ಬಾಟಲಿ ಕಂಡಳು. ಇನ್ನೂ ಅರ್ಧ ಇರಬೇಕಾಗಿದ್ದ ಬಾಟಲಿ ಖಾಲಿಯಾಗಿತ್ತು. ಅಮ್ಮನನ್ನು ಅತ್ತಿಗೆಯೇ ಕಳಿಸಿದಳು ಎಂದು ದೂರು ಕೊಟ್ಟಳು.

ದೂರು ಬರುವ ಹೊತ್ತಿಗೆ ದೇಹ ಬೂದಿಯಾಗಿತ್ತು. ಕತ್ತರಿಸಿ ನೋಡಲು ಏನೂ ಉಳಿದಿರಲಿಲ್ಲ. ಉಳಿದದ್ದು ಹೊಲಿಗೆಯಾಕೆಯ ಮಾತೊಂದೇ. ಸಹಜ ಸಾವು ಎಂದು ವಿಚಾರಣಾಧಿಕಾರಿಗೆ ಅನ್ನಿಸಿದರೆ ಆಕೆ ಮನೆಗೆ ಹೋಗಬಹುದು. ಅನುಮಾನ ಬಂದರೆ ಪೊಲೀಸರ ಕೈಗೆ ಹೋಗುತ್ತಾಳೆ, ಅಲ್ಲಿಂದ ಸೆರೆಮನೆಗೆ. ಅಧಿಕಾರಿ ಬೇರೆ ಕಡೆಯಿಂದ ವರ್ಗವಾಗಿ ಬಂದ ಹೆಂಗಸು. ಕೆಟ್ಟವಳೇನಲ್ಲ. ನೆಗಡಿಯಾಗಿ ಮೂಗು ಕೆಂಪಾಗಿದ್ದರೂ ಸಹನೆಯಿಂದ ಕೂತಿದ್ದಳು. ಆಕೆಗೆ ಕನ್ನಡದ ಒಂದಕ್ಷರ ಬರುತ್ತಿರಲಿಲ್ಲ, ಹೊಲಿಗೆಯಾಕೆಗೆ ಇಂಗ್ಲಿಷಿನ ಒಂದಕ್ಷರ ಬರುತ್ತಿರಲಿಲ್ಲ. ನಡುವೆ ನಮ್ಮ ಅಲ್ಪವಿರಾಮ.

ಆ ದಿನ ಏನಾಯಿತು, ಎಲ್ಲವನ್ನೂ ಹೇಳಿ ಎಂದು ಅಧಿಕಾರಿ ಕೇಳಿದಳು. ದುಭಾಷಿ ಅದನ್ನು ಕನ್ನಡದಲ್ಲಿ ಹೇಳಿದ. ಹೊಲಿಗೆಯಾಕೆ ಮೇಜಿನ ಅಂಚು ನೋಡುತ್ತಾ ಹೇಳಿದಳು.

“ಬೆಳಿಗ್ಗೆ ಮೈ ಒರೆಸ್ದೆ. ಬೆನ್ನಲ್ಲಿ ಹುಣ್ಣಾಗಿತ್ತಲ್ಲ, ಮುಲಾಮು ಹಚ್ಚಿದೆ. ನೋವಿನ ಔಷಧಿ ಒಂದು ಮುಚ್ಚಳ ಕೊಟ್ಟೆ, ದಿನಾ ಕೊಡೋ ಅಷ್ಟೇ. ಆಮೇಲೆ ಉಸಿರು ಒಂಥರಾ ಆಯ್ತು. ನಿಂತೇಹೋಯ್ತು ಅನ್ನೋಷ್ಟರಲ್ಲಿ ಮತ್ತೆ ಎಳೀತಾ ಇದ್ರು. ನಾನು ಪಕ್ಕದಲ್ಲೇ ಕೂತಿದ್ದೆ. ಅಂಗಡಿಗೆ ಹೋಗ್ಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಂತೂ ಹೋದ್ರು.”

ದುಭಾಷಿ ಇಂಗ್ಲಿಷಿನಲ್ಲಿ ಹುಣ್ಣು ದಾಟಿದ, ಮುಲಾಮು ದಾಟಿದ, ಮುಚ್ಚಳ ದಾಟಿದ. ಉಸಿರನ್ನೂ ದಾಟಿದ. ‘ಅಂತೂ’ ಎನ್ನುವಲ್ಲಿ ನಿಂತ.

ಟೈಪಿಸ್ಟನ ಬೆರಳು ಮೇಲೆದ್ದಿತು.

ಫೈನಲಿ ಎನ್ನಬಹುದಾಗಿತ್ತು. ಆದರೆ ಅದು ಒಣಗಿದ ಮಾತು, ಪಟ್ಟಿಯ ಕೊನೆಯ ಐಟಂ ಓದಿದ ಹಾಗಿರುತ್ತದೆ. ಇನ್ ದಿ ಎಂಡ್ ಎಂದರೆ ಕಥೆ ಮುಗಿಸುವವರ ಮಾತು. ಇವೆಂಚುಅಲಿ ಎಂದರೆ ತಡವಾಗಿ, ಏನೇನೋ ಆದಮೇಲೆ, ಆಗಬೇಕಾದದ್ದು ಆಯಿತು ಎಂದರ್ಥ. ಅದರಲ್ಲಿ ಯಾರೂ ಕಾದು ಕೂತಿರಬೇಕಾಗಿಲ್ಲ. ಈ ನಾಲ್ವರಲ್ಲಿ ಕಾದು ಕೂತ ಮನುಷ್ಯರು ಇರುವುದು ಅಟ್ ಲಾಸ್ಟ್ ಎನ್ನುವುದರಲ್ಲಿ ಮಾತ್ರ. ಸದ್ಯ, ಆಯಿತಲ್ಲಪ್ಪ ಎಂಬ ನಿಟ್ಟುಸಿರು ಇರುವುದು ಅದರಲ್ಲಿ ಮಾತ್ರ. ಮತ್ತು ಹೊಲಿಗೆಯಾಕೆಯ ‘ಅಂತೂ’ದಲ್ಲಿ ಅದಿತ್ತು. ತಲೆಯ ಮೇಲಿನ ಹೊರೆಯನ್ನು ಯಾರೋ ಕೈಕೊಟ್ಟು ಇಳಿಸಿದಾಗ ಬರುವ ಉಸಿರು ಅದರಲ್ಲಿತ್ತು. ದುಭಾಷಿ ಕಿವಿಯಾರೆ ಕೇಳಿದ್ದ.

“ಅಟ್ ಲಾಸ್ಟ್ ಶಿ ಡೈಡ್” ಎಂದ.

ಹೇಳಿದ ಮರುಕ್ಷಣ ಅವನಿಗೆ ಆದದ್ದು ಸಂತೋಷ. ನಾಚಿಕೆಯ ಮಾತು, ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಇಷ್ಟು ಸರಿಯಾಗಿ ಒಂದು ಮಾತನ್ನು ಈ ದಡದಿಂದ ಆ ದಡಕ್ಕೆ ದಾಟಿಸಿ ಎಷ್ಟು ದಿನವಾಗಿತ್ತು ಎಂದುಕೊಂಡ.

ಅಧಿಕಾರಿ ಮೂಗು ಒರೆಸುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದಳು. “ಅಟ್ ಲಾಸ್ಟ್?” ಎಂದಳು.

“ಎಸ್ ಮೇಡಂ.”

“ಅಟ್ ಲಾಸ್ಟ್” ಎಂದು ಆಕೆ ಇನ್ನೊಮ್ಮೆ ತನಗೆ ತಾನೇ ಹೇಳಿಕೊಂಡಳು. ಟೈಪಿಸ್ಟು ಬಡಿದ. ಹಿಂದಿನ ಬೆಂಚಿನಲ್ಲಿದ್ದ ನಾದಿನಿಗೆ ಅಲ್ಪಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. “ಕೇಳಿದ್ರಾ? ಕೇಳಿದ್ರಾ ಅವಳ ಬಾಯಲ್ಲೇ ಬಂತು” ಎಂದು ಎದ್ದು ನಿಂತಳು. ಜವಾನ ಕೂರಿಸಿದ. ಅಧಿಕಾರಿ ಮುಂದಿನ ಪ್ರಶ್ನೆ ಕೇಳಿದಳು, ದುಭಾಷಿ ಅದನ್ನು ಕನ್ನಡಕ್ಕೆ ತಂದ.

“ಅವರು ಸಾಯಲಿ ಅಂತ ನಿಮಗೆ ಇತ್ತಾ?”

ಹೊಲಿಗೆಯಾಕೆ ತಲೆ ಎತ್ತಿ ಅವನನ್ನು ನೋಡಿದಳು. ಅಧಿಕಾರಿಯನ್ನಲ್ಲ, ಅವನನ್ನು. ಉತ್ತರ ಹೇಳಲಿಲ್ಲ. ಫ್ಯಾನು ತಿರುಗುತ್ತಿತ್ತು. ಮೌನವನ್ನು ಅನುವಾದಿಸಲು ದುಭಾಷಿ ಬೇಕಾಗಿರಲಿಲ್ಲ, ಅಧಿಕಾರಿಗೆ ಅದು ನೇರವಾಗಿಯೇ ತಲುಪಿತು. ಮುಂದಿನ ವಾರ ಇನ್ನೊಂದು ಸಲ ಕೂರೋಣ, ಹೊಸದೇನೂ ಬರದಿದ್ದರೆ ಇದನ್ನು ಪೊಲೀಸರಿಗೆ ಕಳಿಸುತ್ತೇನೆ ಎಂದು ಹೇಳಿ ಎದ್ದಳು.

ಆ ಸಂಜೆ ದುಭಾಷಿ ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದ. ಹೆಂಡತಿ ಎರಡು ಸಲ ನೋಡಿದಳು, ಮೂರನೆಯ ಸಲಕ್ಕೆ ಪಕ್ಕದಲ್ಲಿ ಕೂತಳು. ಅವನು ಎಲ್ಲವನ್ನೂ ಹೇಳಿದ. ಅವಳು ಛೇಡಿಸಲಿಲ್ಲ.

“ನೀವು ತಪ್ಪು ಹೇಳಿದ್ರಾ?” ಎಂದಳು.

“ಇಲ್ಲ. ಅದೇ ಕಷ್ಟ. ಸರಿಯಾಗೇ ಹೇಳ್ದೆ.”

“ಬೇರೆಯೋರಾಗಿದ್ರೆ ಏನ್ ಹೇಳ್ತಿದ್ರು?”

“ಫೈನಲಿ ಅಂತಿದ್ರು. ಇಲ್ಲಾ ಅದನ್ನ ನುಂಗೇಬಿಡ್ತಿದ್ರು. ಅತ್ತೆ ಸತ್ತರು ಅಷ್ಟೇ.”

“ಹಾಗಂದಿದ್ರೆ ಆ ಹೆಂಗಸು ಈ ಹೊತ್ತಿಗೆ ಮನೇಲಿ ಇರ್ತಿದ್ಲು” ಎಂದಳು ಹೆಂಡತಿ. ಅವನು ಮತ್ತೆ ಅನ್ನ ಕಲಸತೊಡಗಿದಾಗ ಅವಳಿಗೆ ಸಿಟ್ಟು ಬಂತು. “ಹೋಗಿ ತಪ್ಪಾಯ್ತು ಅನ್ನಿ. ಅದಲ್ಲ, ಇದು ಅನ್ನಿ. ಒಂದು ಮಾತು ಬದಲಾಯಿಸಿದ್ರೆ ನಿಮ್ಮಪ್ಪನ ಗಂಟೇನು ಹೋಗುತ್ತೆ?”

ಅಪ್ಪನ ಗಂಟೇನೂ ಹೋಗುತ್ತಿರಲಿಲ್ಲ. ಹೋಗುವುದು ಅವನ ಕೆಲಸ. ಸಾಕ್ಷಿಯ ಮಾತನ್ನು ತಪ್ಪಾಗಿ ಹೇಳಿದೆ ಎಂದು ಒಪ್ಪಿಕೊಂಡ ದುಭಾಷಿಯನ್ನು ಯಾರೂ ಮತ್ತೆ ಕರೆಯುವುದಿಲ್ಲ. ಅದಕ್ಕೂ ಅವನು ಸಿದ್ಧನಾದ. ತುತ್ತು ಬಾಯಿಗೆ ಹೋಗದ ಮೇಲೆ ಕೆಲಸ ಇದ್ದರೇನು, ಹೋದರೇನು. ಅವನನ್ನು ತಿನ್ನುತ್ತಿದ್ದದ್ದು ಬೇರೆ. ಇಷ್ಟು ವರ್ಷ ಅವನು ನಂಬಿದ್ದ ದೇವರು ಒಬ್ಬನೇ, ಸರಿಯಾದ ಮಾತು. ಸರಿಯಾದ ಮಾತು ಹೇಳಿದರೆ ಒಳ್ಳೆಯದೇ ಆಗುತ್ತದೆ ಎಂದು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ, ತಾನಾಗಿಯೇ ಹಾಗೆಂದುಕೊಂಡಿದ್ದ. ಲಾರಿ ಚಾಲಕನ ವಿಷಯದಲ್ಲಿ ಅದು ನಿಜವಾಗಿತ್ತಷ್ಟೇ. ಈಗ ನೋಡಿದರೆ ಅದು ಬರೀ ಚಾಲಕನ ಅದೃಷ್ಟ.

ಕಕ್ಷಿದಾರರನ್ನು ದುಭಾಷಿ ಹೊರಗೆ ಭೇಟಿಯಾಗಬಾರದು ಎಂದು ನಿಯಮ. ಮಾರನೆಯ ಮಧ್ಯಾಹ್ನ ಅವನು ಹೊಲಿಗೆ ಅಂಗಡಿಗೆ ಹೋದ.

ಅಂಗಡಿಯ ಮುಂಭಾಗದಲ್ಲಿ ಯಂತ್ರಗಳು ಕಟಕಟ ಎನ್ನುತ್ತಿದ್ದವು. ಹಿಂದೆ, ಇಸ್ತ್ರಿ ಮೇಜಿನ ಪಕ್ಕ ಒಂದು ಕಿಟಕಿ, ಕಿಟಕಿಯ ಕೆಳಗೆ ಹೊಲಿಗೆಯಾಕೆ. ತೊಡೆಯ ಮೇಲೆ ಬಿಳಿ ಶರ್ಟಿನ ಎದೆಪಟ್ಟಿ. ಕಾಜಾ ಕತ್ತರಿಸಿ, ಅಂಚಿನ ಸುತ್ತ ಸೂಜಿ ಆಡಿಸುತ್ತಾ, ಪ್ರತಿ ಸುತ್ತಿಗೂ ದಾರವನ್ನು ಒಂದೇ ಬಿಗಿಯಲ್ಲಿ ಎಳೆಯುತ್ತಿದ್ದಳು. ಅವನನ್ನು ಕಂಡು ಎದ್ದು ನಿಲ್ಲಲು ಹೋದಳು. ಅವನು ಬೇಡ ಎಂದು ಕೈ ಮಾಡಿ, ಬಟ್ಟೆಯ ರಾಶಿ ಸರಿಸಿ ಸ್ಟೂಲಿನ ಮೇಲೆ ಕೂತ.

“ಅಮ್ಮ, ನನ್ನಿಂದ ನಿಮಗೆ ತೊಂದರೆ ಆಗಿದೆ” ಎಂದ.

“ನಿಮ್ಮಿಂದ ಏನಾಯ್ತು ಸಾರ್? ನಾನು ಹೇಳಿದ್ದನ್ನ ನೀವು ಹೇಳಿದ್ರಿ.”

“ನೀವು ಅಂತೂ ಅಂದ್ರಲ್ಲ, ಅದಕ್ಕೆ ನಾನು ಒಂದು ಇಂಗ್ಲಿಷ್ ಮಾತು ಹೇಳ್ದೆ. ಬೇರೆ ಹೇಳಬಹುದಾಗಿತ್ತು.”

“ಏನು ವ್ಯತ್ಯಾಸ?”

ಜೀವಮಾನದಲ್ಲಿ ಇಂಥ ಪ್ರಶ್ನೆಯನ್ನು ಯಾರಾದರೂ ಮನಸ್ಸಿಟ್ಟು ಕೇಳಲಿ ಎಂದು ಅವನು ಆಸೆಪಟ್ಟಿದ್ದ. ಕೇಳಿದ್ದು ಹೀಗೆ, ಇಲ್ಲಿ. ಅವನು ಬಸ್ಸಿನ ಉದಾಹರಣೆ ಕೊಟ್ಟ. “ಬಸ್ಸು ತಡ ಆಯ್ತು ಅಂದ್ಕೊಳ್ಳಿ. ಯಾರೋ ದಾರಿಹೋಕ ಕೇಳ್ತಾನೆ, ಬಸ್ ಬಂತಾ ಅಂತ. ಹೂಂ, ತಡವಾಗಿ ಬಂತು ಕಣಪ್ಪ ಅಂತೀರಿ. ಅದು ಇವೆಂಚುಅಲಿ. ಅದೇ ಬಸ್ಸಿಗೆ ನೀವೇ ಬಿಸಿಲಲ್ಲಿ ನಿಂತು ನಿಂತು ಕಾಲು ಸೋತಿದ್ದೀರಿ, ಆಗ ತಿರುವಿನಲ್ಲಿ ಬಸ್ಸು ಕಾಣಿಸ್ತು. ಆಗ ಬಾಯಲ್ಲಿ ಬರೋದು ಅಟ್ ಲಾಸ್ಟ್. ನಾನು ಅದನ್ನ ಹೇಳ್ದೆ.”

ಸೂಜಿ ನಿಂತಿತು. ಆಕೆ ಕಿಟಕಿಯ ಆಚೆ ನೋಡಿದಳು. ಅವಳ ತುಟಿ ಸ್ವಲ್ಪ ಅಲುಗಿತು, ಆ ಮಾತನ್ನು ಬಾಯೊಳಗೇ ಹೇಳಿ ನೋಡಿಕೊಳ್ಳುತ್ತಿದ್ದಂತಿತ್ತು.

“ಹಾಗಾದ್ರೆ ನೀವು ಹೇಳಿದ್ದೇ ಸರಿ” ಎಂದಳು.

“ಸರಿಯೋ ತಪ್ಪೋ, ಅದರಿಂದ ನೀವು ಜೈಲಿಗೆ ಹೋಗ್ತೀರಿ.”

“ನಾನು ಏನೂ ಮಾಡಿಲ್ಲ ಸಾರ್. ಬಾಟಲಿ ಅತ್ತೆ ಕೈ ತಗುಲಿ ಹಾಸಿಗೆ ಮೇಲೇ ಚೆಲ್ತು. ಅದನ್ನ ಹೇಳಿದ್ರೆ ನಂಬಲ್ಲ ಅಂತ ಆ ಮೇಡಮ್ಮು ಆಗ್ಲೇ ಮುಖದಲ್ಲೇ ಹೇಳಿಬಿಟ್ರು. ನಾನು ಕೊಂದಿಲ್ಲ. ಆದ್ರೆ ಹೋಗ್ಲಿ, ಹೋದ್ರೆ ಸಾಕು ಅಂತ ದಿನಾ ಅಂದ್ಕೊಳ್ತಿದ್ದೆ. ಮುಲಾಮು ಹಚ್ತಾ ಅಂದ್ಕೊಳ್ತಿದ್ದೆ. ಅವರೂ ಅದನ್ನೇ ಅಂತಿದ್ರು. ಬೆಳಿಗ್ಗೆ ಕಣ್ಣು ಬಿಟ್ಟ ತಕ್ಷಣ, ನಾನು ಇನ್ನೂ ಹೋಗಿಲ್ವೇನೇ ಅಂತ ನನ್ನ ಕೇಳೋರು. ಇಲ್ಲ ಅತ್ತೆ, ಇನ್ನೂ ಇಲ್ಲ ಅಂತಿದ್ದೆ. ಇಬ್ರೂ ನಗ್ತಿದ್ವಿ.” ಆಕೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಆಮೇಲೆ ಕೇಳಿದಳು: “ಕೊಲ್ಲೋದೂ, ಹೋಗ್ಲಿ ಅಂದ್ಕೊಳ್ಳೋದೂ ಬೇರೆ ಅಲ್ವಾ?”

“ಬೇರೆ.”

“ಆ ಮೇಡಮ್ಮಿಗೂ ಬೇರೇನಾ?”

ಆ ಎರಡರ ನಡುವೆ ಇರುವುದು ಕೂದಲೆಳೆಯ ಅಂತರವಲ್ಲ, ಹಗಲು ರಾತ್ರಿಯ ಅಂತರ. ಆದರೆ ಕಚೇರಿಯ ಬೆಳಕಿನಲ್ಲಿ ಅವೂ ಅವಳಿಗಳ ಹಾಗೆಯೇ ಕಾಣುತ್ತವೆ ಎಂದು ಅವನಿಗೆ ಗೊತ್ತಿತ್ತು.

“ಮುಂದಿನ ಸಲ ನಾನೇ ಎದ್ದು ತಪ್ಪು ನನ್ನದು ಅಂತೀನಿ” ಎಂದ. “ನಿಮ್ಮನ್ನ ಕೇಳಿದ್ರೆ, ಕೊನೆಗೆ ಹೋದ್ರು ಅಂದೆ ಅಂತ ಹೇಳಿ. ಅಷ್ಟೇ ಸಾಕು. ಅಂತೂ ಅನ್ನೋದನ್ನ ಮರೆತುಬಿಡಿ.”

“ಸಾರ್” ಎಂದಳು ಆಕೆ. ಇನ್ನೇನೋ ಹೇಳುವವಳಿದ್ದಳು. ಅಷ್ಟರಲ್ಲಿ ಮುಂದಿನಿಂದ ಅಂಗಡಿಯವನು, “ಏನಮ್ಮಾ, ಆ ಶರ್ಟು ಇವತ್ತೇ ಕೊಡ್ಬೇಕು” ಎಂದು ಕೂಗಿದ. ಆಕೆ ತಲೆ ಬಗ್ಗಿಸಿ ಸೂಜಿ ಹಿಡಿದಳು. ಅವಳು ಒಪ್ಪಿದಳೆಂದು ದುಭಾಷಿ ಅಂದುಕೊಂಡ. ಬೀದಿಗೆ ಬಂದ ಮೇಲೆ, ಆಕೆ ಹೂಂ ಎಂದಿರಲಿಲ್ಲ ಎನ್ನುವುದು ಹೊಳೆಯಿತು. ಊಹೂಂ ಎಂದೂ ಇರಲಿಲ್ಲವಲ್ಲ ಎಂದು ಸಮಾಧಾನ ಹೇಳಿಕೊಂಡ.

ಎರಡನೆಯ ವಿಚಾರಣೆಯ ದಿನ ಅಧಿಕಾರಿಯ ನೆಗಡಿ ಇಳಿದಿತ್ತು. ಅದು ಒಳ್ಳೆಯ ಶಕುನವೆಂದು ದುಭಾಷಿ ಎಣಿಸಿದ, ಮನುಷ್ಯ ಮುಳುಗುವಾಗ ಏನನ್ನು ಬೇಕಾದರೂ ಹಿಡಿಯುತ್ತಾನೆ. ಅಧಿಕಾರಿ ಮಾತು ಶುರುಮಾಡುವ ಮೊದಲೇ ಅವನು ಎದ್ದು ನಿಂತು, ಇಂಗ್ಲಿಷಿನಲ್ಲಿ, ಹೋದ ವಾರ ತನ್ನಿಂದ ಒಂದು ತಪ್ಪಾಗಿದೆ, ಅಟ್ ಲಾಸ್ಟ್ ಎಂದದ್ದನ್ನು ಇವೆಂಚುಅಲಿ ಎಂದು ತಿದ್ದಿಕೊಳ್ಳಬೇಕು ಎಂದ. ಟೈಪಿಸ್ಟನ ಬಾಯಿ ತೆರೆಯಿತು. ಅಲ್ಪವಿರಾಮ ತಪ್ಪು ಮಾಡಿದ್ದನ್ನು ಅವನು ಕಂಡಿದ್ದೇ ಇಲ್ಲ.

“ಎರಡಕ್ಕೂ ಅಷ್ಟೇನು ವ್ಯತ್ಯಾಸ ಇದೆ?” ಎಂದು ಅಧಿಕಾರಿ ಕೇಳಿದಳು.

“ಬಹಳ ಇದೆ ಮೇಡಂ” ಎಂದು ಅವನು ಹೇಳತೊಡಗಿದ. ಬಸ್ಸನ್ನು ತಂದ, ಬಿಸಿಲನ್ನು ತಂದ, ದಾರಿಹೋಕನನ್ನು ತಂದ. ಹೇಳುತ್ತಾ ಹೇಳುತ್ತಾ ತಾನು ಅಗೆಯುತ್ತಿದ್ದ ಹಳ್ಳ ಅವನಿಗೇ ಕಾಣಿಸಿತು. ವ್ಯತ್ಯಾಸ ದೊಡ್ಡದು ಎಂದು ಎಷ್ಟು ಚೆನ್ನಾಗಿ ವಿವರಿಸಿದನೋ, ಅದನ್ನು ಬಲ್ಲವನು ತಪ್ಪಿ ಹೇಳಿರಲಾರ ಎನ್ನುವುದು ಅಷ್ಟೇ ಚೆನ್ನಾಗಿ ಸಾಬೀತಾಗುತ್ತಿತ್ತು. ಅವನು ಮಧ್ಯದಲ್ಲೇ ನಿಲ್ಲಿಸಿದ.

ಅಧಿಕಾರಿ ಪೆನ್ನು ಕೆಳಗಿಟ್ಟಳು. “ಅವತ್ತು ನೀವು ಆ ಮಾತಿನ ಮುಂದೆ ಬಹಳ ಹೊತ್ತು ನಿಂತಿರಿ. ನಾನು ನೋಡುತ್ತಿದ್ದೆ. ಬಾಯಿಗೆ ಬಂದದ್ದನ್ನು ಹೇಳಿದವರ ಹಾಗೆ ಇರಲಿಲ್ಲ. ಹುಡುಕಿ ಹೇಳಿದಿರಿ. ಈಗ ಯಾಕೆ ಬೇರೆ ಹೇಳುತ್ತಿದ್ದೀರಿ?”

ಅವನು ನೆಲ ನೋಡಿದ.

“ಪರವಾಗಿಲ್ಲ. ಆಕೆಯನ್ನೇ ಕೇಳಿ. ನೀವು ಏನನ್ನೂ ಸೇರಿಸಬೇಡಿ” ಎಂದಳು.

ದುಭಾಷಿ ಹೊಲಿಗೆಯಾಕೆಯ ಕಡೆ ತಿರುಗಿದ. ಸೇರಿಸಬೇಡಿ ಎಂದದ್ದನ್ನು ಗಾಳಿಗೆ ತೂರಿ, ಒಂದೇ ಉಸಿರಿನಲ್ಲಿ, ಬೇಡಿಕೊಳ್ಳುವ ಧ್ವನಿಯಲ್ಲಿ ಕೇಳಿದ: “ಅಮ್ಮ, ಕೊನೆಗೆ ಹೋದ್ರು ಅಂತ ತಾನೇ ನೀವು ಹೇಳಿದ್ದು? ಕೊನೆಗೆ ಅಂತ ತಾನೇ? ಹೌದು ಅನ್ನಿ.”

ಆಕೆ ಅವನನ್ನು ಮರುಕದಿಂದ ನೋಡಿದಳು. ಮರುಕ ಪಡಬೇಕಾದವನು ಅವನಾಗಿದ್ದ, ಆದರೂ ಮರುಕಪಟ್ಟವಳು ಆಕೆ.

“ಸಾರ್, ಅತ್ತೆ ಹೋದ ದಿನ ಮನೆ ತುಂಬ ಜನ ಇದ್ರು” ಎಂದಳು. “ಪಾಪ, ಎಷ್ಟು ಕಷ್ಟ ಆಯ್ತೋ ನಿಂಗೆ ಅಂತ ತಬ್ಕೊಂಡು ಅತ್ರು. ನಾನೂ ಅತ್ತುಬಿಟ್ಟೆ. ನಂಗೆ ಅವತ್ತು ಮೈ ಹಗುರ ಆಗಿತ್ತು, ಅದನ್ನ ಯಾರಿಗೆ ಹೇಳೋದು? ಇಷ್ಟು ವರ್ಷದಲ್ಲಿ ನನ್ನ ಬಾಯಿಂದ ನಿಜ ಅಂತ ಬಂದಿದ್ದು ಆ ಅಂತೂ ಅನ್ನೋ ಮಾತೊಂದೇ. ನಾನು ಹೇಳಿದ್ದು ನಂಗೇ ಗೊತ್ತಾಗ್ಲಿಲ್ಲ, ನಿಮಗೆ ಗೊತ್ತಾಯ್ತು. ಈಗ ಅದೂ ತಪ್ಪು ಅಂದುಬಿಟ್ರೆ, ನಾನು ಏನೂ ಹೇಳೇ ಇಲ್ಲ ಅಂತ ಆಗುತ್ತೆ. ಅಷ್ಟು ಮಾಡ್ಬೇಡಿ.”

“ಏನು ಹೇಳುತ್ತಿದ್ದಾಳೆ?” ಎಂದು ಅಧಿಕಾರಿ ಕೇಳಿದಳು.

ಅವನು ಬಾಯಿ ತೆರೆದ. ಇವೆಂಚುಅಲಿ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಈ ಒಂದು ಸಲ, ಒಂದೇ ಒಂದು ಸಲ, ಸುಳ್ಳು ಹೇಳಲು ಅವನು ತಯಾರಾಗಿದ್ದ. ಸುಳ್ಳಿನ ಮುಂದೆಯೂ ಅಭ್ಯಾಸಬಲದಿಂದ ಒಂದು ಗಳಿಗೆ ನಿಂತ.

ಆ ಗಳಿಗೆಯಲ್ಲಿ ಹೊಲಿಗೆಯಾಕೆ ಅವನನ್ನು ದಾಟಿ ಅಧಿಕಾರಿಯ ಮುಖ ನೋಡಿದಳು. ನಿಧಾನವಾಗಿ, ಹೊಸ ಬಟ್ಟೆಗೆ ಕತ್ತರಿ ಇಡುವ ಎಚ್ಚರದಲ್ಲಿ, ಇಂಗ್ಲಿಷಿನಲ್ಲೇ ಹೇಳಿದಳು.

“ಅಟ್ ಲಾಸ್ಟ್.”

ಟೈಪಿಸ್ಟು ಯಾರ ಮುಖವನ್ನೂ ನೋಡದೆ ಬಡಿದ. ಹಿಂದಿನ ಬೆಂಚಿನಿಂದ ನಾದಿನಿಯ ಸದ್ದೂ ಬರಲಿಲ್ಲ. ದುಭಾಷಿ ಕುರ್ಚಿಯ ಬೆನ್ನು ಹಿಡಿದುಕೊಂಡ. ಆಕೆ ಹೇಳಿದ ಉಳಿದದ್ದನ್ನೆಲ್ಲ, ತಬ್ಬಿಕೊಂಡು ಅತ್ತವರನ್ನು, ಹಗುರವಾದ ಮೈಯನ್ನು, ಅಂಗಡಿಯಲ್ಲಿ ಹೇಳಿದ್ದ ಚೆಲ್ಲಿದ ಬಾಟಲಿಯನ್ನೂ ಅವನು ಇಂಗ್ಲಿಷಿನಲ್ಲಿ ಹೇಳಿದ. ಎಲ್ಲವನ್ನೂ ಹೇಳಿದ, ಎಲ್ಲೂ ನಿಲ್ಲದೆ, ಗಡಿಬಿಡಿಯಲ್ಲಿ, ಒಂದರ ಮೇಲೊಂದು ಎಸೆದ. ಅಧಿಕಾರಿ ಕೇಳಿಸಿಕೊಂಡಳು. ಆದರೆ ಈಗಷ್ಟೇ ತಾನು ತಪ್ಪು ಹೇಳಿದೆ ಎಂದು ಒಪ್ಪಿಕೊಂಡವನ ಬಾಯಿಂದ ಬಂದ ಮಾತು ಅದು. ಇಡೀ ದಿನದಲ್ಲಿ ಅಧಿಕಾರಿಯ ಕಿವಿಗೆ ನಡುವೆ ಯಾರೂ ಇಲ್ಲದೆ ತಲುಪಿದ್ದು ಒಂದೇ, ಅದನ್ನು ಹೊಲಿಗೆಯಾಕೆ ಸ್ವತಃ ಹೇಳಿದ್ದಳು.

ಅಧಿಕಾರಿ ಒಂದಷ್ಟು ಬರೆದು, ಓದಿ, ತನಗೂ ಬೇಸರವಾಗಿದೆ ಎನ್ನುವ ಹಾಗೆ ಕನ್ನಡಕ ತೆಗೆದಿಟ್ಟಳು. ಇದನ್ನು ಪೊಲೀಸರಿಗೆ ಒಪ್ಪಿಸುತ್ತಿದ್ದೇನೆ, ಆಕೆ ಇಮ್ಮಿಡಿಯಟ್ಲಿ ಅವರ ಜೊತೆ ಹೋಗಬೇಕಾಗುತ್ತದೆ, ಆಕೆಗೆ ತಿಳಿಸಿ ಎಂದಳು.

ಇಮ್ಮಿಡಿಯಟ್ಲಿ. ಇದಕ್ಕೆ ಕನ್ನಡದಲ್ಲಿ ತಕ್ಷಣ ಇದೆ, ಕೂಡಲೇ ಇದೆ, ಈಗಿಂದೀಗಲೇ ಇದೆ. ಇವುಗಳಲ್ಲಿ ಸ್ವಲ್ಪವಾದರೂ ಮೆತ್ತಗಿರುವುದು ಯಾವುದು ಎಂದು ಅವನು ಹುಡುಕಿದ. ಯಾವುದೂ ಇರಲಿಲ್ಲ. ಎಲ್ಲವೂ ಒಂದೇ ಆಗಿದ್ದವು. ಅವನ ಜೀವನದಲ್ಲಿ ಮೊದಲ ಸಲ ಎಲ್ಲವೂ ಒಂದೇ ಆಗಿದ್ದವು.

ಅವನು ಹೇಳುವ ಮೊದಲೇ ಬಾಗಿಲ ಬಳಿ ಬಂದು ನಿಂತ ಪೊಲೀಸಿನಾಕೆಯನ್ನು ಹೊಲಿಗೆಯಾಕೆ ನೋಡಿದ್ದಳು. ಚೀಲವನ್ನು ಹೆಗಲಿಗೆ ಹಾಕಿಕೊಂಡಳು.

“ಈಗ್ಲೇನಾ ಸಾರ್?”

“ಈಗ್ಲೇ.”

“ಅಂಗಡೀಲಿ ಒಂದು ಅಂಗಿಗೆ ಗುಂಡಿ ಹಾಕೋದು ಅರ್ಧ ಆಗಿದೆ. ಕೇಳಿ ನೋಡ್ತೀರಾ? ಮುಗಿಸಿ ಬಂದುಬಿಡ್ತೀನಿ.”

ದುಭಾಷಿ ಕೇಳಿದ. ಅಧಿಕಾರಿ ತಲೆ ಅಲ್ಲಾಡಿಸಿದಳು, ಒಂದೇ ಪದ ಹೇಳಿದಳು. ಇಂಗ್ಲಿಷಿನಲ್ಲಿ ಅದಕ್ಕಿಂತ ಸುಲಭದ ಪದ ಇನ್ನೊಂದಿಲ್ಲ. ದುಭಾಷಿಗಳು ಅನುವಾದಿಸುವಾಗ ಅಂತೆ ಎನ್ನಬಾರದು, ಆ ಮಾತಾಡಿದವರು ತಾವೇ ಎನ್ನುವ ಹಾಗೆ ಹೇಳಬೇಕು ಎನ್ನುವುದು ಅವರ ಕಸುಬಿನ ಮೊದಲ ಪಾಠ. ಅವನು ಅದನ್ನು ಒಮ್ಮೆಯೂ ಮೀರಿರಲಿಲ್ಲ.

“ಆಗಲ್ವಂತಮ್ಮ” ಎಂದ.